ದಕ್ಷಿಣ ಕನ್ನಡದ ಸಿಹಿರಹಿತ ಪಾನೀಯಗಳು

ದಕ್ಷಿಣ ಕನ್ನಡದ ಸಿಹಿರಹಿತ ಪಾನೀಯಗಳು ಎಂದರೆ ಸಕ್ಕರೆ, ಬೆಲ್ಲ, ಜೇನುತುಪ್ಪ ಮೊದಲಾದವನ್ನು ಸೇರಿಸದೆ ಹುಳಿ, ಉಪ್ಪು, ಖಾರ, ಕಹಿ ಅಥವಾ ಬರಿಯ ಪರಿಮಳದಿಂದ ರುಚಿ ಪಡೆಯುವ, ಬಾಯಾರಿಕೆ ನೀಗಲು ಬಳಸುವ ಪಾನೀಯಗಳು. ಪುತ್ತೂರು, ಸುಳ್ಯ, ಕಡಬ, ಬಂಟ್ವಾಳ ಮತ್ತು ಬೆಳ್ತಂಗಡಿ ತಾಲ್ಲೂಕುಗಳಲ್ಲಿಯೂ ಗಡಿಯಾಚೆಯ ಕಾಸರಗೋಡಿನಲ್ಲಿಯೂ ಇವು ಮನೆಬಳಕೆಯಲ್ಲಿವೆ. ನೀರುಮಜ್ಜಿಗೆ, ತಂಬುಳಿ, ಪುನರ್ಪುಳಿ ಸಾರು, ಗಂಜಿಯ ತಿಳಿ, ಜೀರಿಗೆ ಅಥವಾ ಲಾವಂಚ ಹಾಕಿದ ನೀರು ಇವುಗಳಲ್ಲಿ ಮುಖ್ಯವಾದವು. ಸಪ್ಪೆ ನೀರು ಸೇರದವರಿಗೆ, ಮಧುಮೇಹದ ಕಾರಣದಿಂದ ಸಕ್ಕರೆ ಬಿಡಬೇಕಾದವರಿಗೆ ಹಾಗೂ ಮೂತ್ರಪಿಂಡದ ಕಲ್ಲಿನ ತೊಂದರೆಯಿಂದಾಗಿ ಹೆಚ್ಚು ದ್ರವ ಸೇವಿಸಬೇಕಾದವರಿಗೆ ಇವು ಉಪಯುಕ್ತ. ಆದರೆ ಸಿಹಿ ಇಲ್ಲವೆಂಬ ಮಾತ್ರಕ್ಕೆ ಎಲ್ಲ ಪಾನೀಯಗಳೂ ಎಲ್ಲರಿಗೂ ನಿರಪಾಯಕಾರಿಯಲ್ಲ. ಕೆಲವು ಹುಳಿ ಹಣ್ಣುಗಳ ರಸವು ಮೂತ್ರಪಿಂಡಕ್ಕೆ ಗಂಭೀರ ಹಾನಿ ಮಾಡಬಲ್ಲದು.

ಹಿನ್ನೆಲೆ

ಪಶ್ಚಿಮ ಘಟ್ಟದ ತಪ್ಪಲಿನ ಈ ಪ್ರದೇಶದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವುದಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ ಸೀಮಿತ. ಮಾರ್ಚ್‌ನಿಂದ ಮೇವರೆಗೆ ಸೆಖೆ ತೀವ್ರವಾಗಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ದೇಹ ತಣಿಯದೆ ಇನ್ನಷ್ಟು ಬೆವರುತ್ತದೆ. ನರಿಮೊಗರಿನಂತಹ ಹಳ್ಳಿಗಳಲ್ಲಿ ಅಡಿಕೆ, ರಬ್ಬರ್ ಹಾಗೂ ಗೇರು ತೋಟಗಳಲ್ಲಿ ದುಡಿಯುವವರು ಬೇಸಗೆಯಲ್ಲಿ ಬೆವರಿನೊಂದಿಗೆ ನೀರನ್ನು ಮಾತ್ರವಲ್ಲ, ಉಪ್ಪನ್ನೂ ಕಳೆದುಕೊಳ್ಳುತ್ತಾರೆ. ಇಲ್ಲಿನ ಸಾಂಪ್ರದಾಯಿಕ ಪಾನೀಯಗಳಲ್ಲಿ ಉಪ್ಪು ಮತ್ತು ಹುಳಿ ಮುಂದಾಗಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಮಳೆಗಾಲದಲ್ಲಿ ಇದಕ್ಕೆ ವಿರುದ್ಧವಾದ ಸಮಸ್ಯೆಯಿದೆ: ಬಾಯಾರಿಕೆಯ ಅರಿವೇ ಆಗದೆ ದಿನವಿಡೀ ನೀರು ಕುಡಿಯದೆ ಉಳಿಯುವವರು ಅನೇಕರು.

ಜಿಲ್ಲೆಯ ಕನ್ನಡದಲ್ಲಿ 'ಬಾಯಾರಿಕೆ' ಎಂಬ ಪದವು ತೃಷೆಯನ್ನಷ್ಟೇ ಅಲ್ಲ, ಅದನ್ನು ನೀಗಲು ಕೊಡುವ ಪಾನೀಯವನ್ನೂ ಸೂಚಿಸುತ್ತದೆ. ಮನೆಗೆ ಬಂದವರನ್ನು 'ಬಾಯಾರಿಕೆಗೆ ಏನಾಗಬಹುದು?' ಎಂದು ಕೇಳುವುದು ವಾಡಿಕೆ. ಹವ್ಯಕ ಕನ್ನಡದ 'ಆಸರು' ಎಂಬ ಪದಕ್ಕೂ ಇದೇ ಎರಡು ಅರ್ಥಗಳಿವೆ. ಅತಿಥಿಗೆ ಮೊದಲು ಒಂದು ತುಂಡು ಬೆಲ್ಲ ಹಾಗೂ ಒಂದು ತಂಬಿಗೆ ನೀರು ಕೊಡುವ ಪದ್ಧತಿ ಹಿಂದೆ ವ್ಯಾಪಕವಾಗಿತ್ತು. ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ ಬೆಲ್ಲ ನೀರಿನಲ್ಲಿ ಕರಗಿರುತ್ತಿರಲಿಲ್ಲ. ಅದನ್ನು ಬೇಕಾದಷ್ಟು ಕಚ್ಚಿಕೊಂಡು ನೀರನ್ನು ಬೇರೆಯಾಗಿ ಕುಡಿಯಲಾಗುತ್ತಿತ್ತು. ಎಷ್ಟು ಸಿಹಿ ತಿನ್ನಬೇಕೆಂಬುದು ಕುಡಿಯುವವನ ಕೈಯಲ್ಲಿಯೇ ಇತ್ತು. ಶರಬತ್ತು ಮತ್ತು ಬಾಟಲಿ ಪಾನೀಯಗಳಲ್ಲಿ ಆ ಆಯ್ಕೆ ಉಳಿದಿಲ್ಲ.

ಸಕ್ಕರೆ ಹಾಕದ ಚಹಾ ಅಥವಾ ಕಾಫಿಗೆ ಇಲ್ಲಿ 'ಚಪ್ಪೆ' ಎಂಬ ವಿಶೇಷಣ ಬಳಕೆಯಲ್ಲಿದೆ. ತುಳುವಿನಲ್ಲಿಯೂ ಇರುವ ಈ ಪದದ ಅರ್ಥ ರುಚಿಯಿಲ್ಲದ್ದು, ನೀರಸವಾದದ್ದು. ಸಿಹಿಯಿಲ್ಲದ ಪಾನೀಯವೆಂದರೆ ಕೊರತೆಯ ಪಾನೀಯ ಎಂಬ ಭಾವನೆ ಈ ಮಾತಿನಲ್ಲಿಯೇ ಅಡಗಿದೆ. ಆದರೆ ಮಜ್ಜಿಗೆಯನ್ನೋ ಪುನರ್ಪುಳಿ ಸಾರನ್ನೋ ಯಾರೂ ಚಪ್ಪೆ ಎನ್ನುವುದಿಲ್ಲ.

ಸಪ್ಪೆ ನೀರು ರುಚಿಸದಿರಲು ಕಾರಣಗಳು

ನೀರು ಸೇರುವುದಿಲ್ಲ ಎನ್ನುವವರಲ್ಲಿ ಹಲವರಿಗೆ ತೊಂದರೆ ಇರುವುದು ನೀರಿನಲ್ಲಲ್ಲ, ಅದರಲ್ಲಿ ಬೆರೆತ ವಸ್ತುಗಳಲ್ಲಿ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಲೋಹದ ಒಗರು ಮತ್ತು ವಾಸನೆ ಬರುತ್ತದೆ. ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕಂದುಬಣ್ಣದ ಗಸಿ ತಳಕ್ಕಿಳಿಯುತ್ತದೆ. ಇಂತಹ ನೀರಿನಲ್ಲಿ ಮಾಡಿದ ಚಹಾ ಅಸಹಜವಾಗಿ ಕಪ್ಪಾಗುವುದು, ನೆಲ್ಲಿಕಾಯಿ ಹಾಕಿದರೆ ನೀರು ನೀಲಿಗಪ್ಪಾಗುವುದು ಕಬ್ಬಿಣವನ್ನು ಗುರುತಿಸುವ ಸರಳ ಲಕ್ಷಣಗಳು. ಚಹಾ ಹಾಗೂ ನೆಲ್ಲಿಯಲ್ಲಿರುವ ಒಗರು ಪದಾರ್ಥವಾದ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಈ ಬಣ್ಣ ಉಂಟಾಗುತ್ತದೆ. ನಗರದ ನಳ್ಳಿ ನೀರಿನಲ್ಲಿ ಕ್ಲೋರಿನ್ ವಾಸನೆಯಿರಬಹುದು. ಅಗಲ ಬಾಯಿಯ ಪಾತ್ರೆಯಲ್ಲಿ ಕೆಲವು ಗಂಟೆ ತೆರೆದಿಟ್ಟರೆ ಅಥವಾ ಕುದಿಸಿದರೆ ಅದು ಬಹುಮಟ್ಟಿಗೆ ಹೋಗುತ್ತದೆ.

ಉಷ್ಣತೆಯೂ ರುಚಿಯನ್ನು ಬದಲಿಸುತ್ತದೆ. ಮಣ್ಣಿನ ಹೂಜಿಯು ಮೇಲ್ಮೈಯಿಂದ ನೀರು ಆವಿಯಾಗುವುದರಿಂದ ತಣಿಯುತ್ತದೆ; ಆದ್ದರಿಂದ ಒಣಹವೆಯ ಬಯಲುಸೀಮೆಯಲ್ಲಿ ಅದು ತಣಿಸುವಷ್ಟು ತೇವಭರಿತ ಕರಾವಳಿಯಲ್ಲಿ ತಣಿಸಲಾರದು. ಹಾಗಿದ್ದರೂ ಮಣ್ಣಿನ ವಾಸನೆಗಾಗಿಯೇ ಹೂಜಿಯ ನೀರನ್ನು ಮೆಚ್ಚುವವರಿದ್ದಾರೆ. ಕೇರಳದಲ್ಲಿ ಬಾವಿಯ ತಳಕ್ಕೆ ನೆಲ್ಲಿ ಮರದ ಹಲಗೆಯನ್ನು ಇಳಿಸುವ ರೂಢಿಯಿದ್ದು, ಅದು ನೀರನ್ನು ತಿಳಿಗೊಳಿಸಿ ರುಚಿಯನ್ನು ಹೆಚ್ಚಿಸುತ್ತದೆಂಬ ನಂಬಿಕೆಯಿದೆ.

ಸಿಹಿ ಪಾನೀಯದ ಅಭ್ಯಾಸವು ಇನ್ನೊಂದು ಕಾರಣ. ಸಾಮಾನ್ಯ ತಂಪು ಪಾನೀಯದ 100 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಅಂದರೆ 300 ಮಿ.ಲೀ.ನ ಒಂದು ಬಾಟಲಿಯಲ್ಲಿ 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ ಬಿಡಿ ಸಕ್ಕರೆಯಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕೆಂದೂ ಶೇ. 5ಕ್ಕಿಂತ ಕೆಳಗಿಳಿಸಿದರೆ ಮತ್ತಷ್ಟು ಒಳ್ಳೆಯದೆಂದೂ ಹೇಳಿದೆ. ದಿನಕ್ಕೆ 2,000 ಕಿಲೋ ಕ್ಯಾಲೊರಿ ಸೇವಿಸುವವರಿಗೆ ಈ ಮಿತಿಗಳು ಸುಮಾರು 50 ಮತ್ತು 25 ಗ್ರಾಂ ಆಗುತ್ತವೆ. ಜೇನುತುಪ್ಪ ಹಾಗೂ ಹಿಂಡಿದ ಹಣ್ಣಿನ ರಸದ ಸಕ್ಕರೆಯೂ ಈ ಲೆಕ್ಕಕ್ಕೆ ಸೇರುತ್ತದೆ; ಇಡೀ ಹಣ್ಣಿನಲ್ಲಿರುವುದು ಮತ್ತು ಹಾಲಿನಲ್ಲಿ ಸಹಜವಾಗಿರುವುದು ಸೇರುವುದಿಲ್ಲ. ಬೆಲ್ಲದ ಬಹುಪಾಲು ಸುಕ್ರೋಸೇ ಆದ್ದರಿಂದ ಸಕ್ಕರೆಗೆ ಬದಲಾಗಿ ಬೆಲ್ಲ ಹಾಕಿದ ಪಾನೀಯವನ್ನು ಸಿಹಿರಹಿತವೆಂದು ಪರಿಗಣಿಸಲಾಗದು.

ಪರಿಮಳದ ನೀರು

ಕುಡಿಯುವ ನೀರನ್ನು ಕುದಿಸುವಾಗ ಅದಕ್ಕೆ ಏನಾದರೊಂದು ಬೀಜ, ಬೇರು ಅಥವಾ ಚಕ್ಕೆ ಹಾಕುವುದು ಕಾಸರಗೋಡು ಮತ್ತು ಅದಕ್ಕೆ ತಾಗಿದ ತಾಲ್ಲೂಕುಗಳಲ್ಲಿ ಸಾಮಾನ್ಯ. ಗಡಿಭಾಗದ ಹೋಟೆಲುಗಳಲ್ಲಿಯೂ ಊಟದೊಂದಿಗೆ ಇಂತಹ ಉಗುರುಬೆಚ್ಚನೆಯ ನೀರು ಕೊಡುತ್ತಾರೆ. ನೀರಿನ ರುಚಿ ಸೇರದವರಿಗೆ ಎಲ್ಲಕ್ಕಿಂತ ಸುಲಭವಾದ ದಾರಿ ಇದೇ. ಇದರಲ್ಲಿ ಉಪ್ಪಿಲ್ಲ, ಸಕ್ಕರೆಯಿಲ್ಲ, ಗಣನೀಯವಾದ ಕ್ಯಾಲೊರಿಯೂ ಇಲ್ಲ, ದಿನವಿಡೀ ಕುಡಿಯಬಹುದು.

ಜೀರಿಗೆ ನೀರಿಗೆ ಒಂದು ಲೀಟರ್‌ಗೆ ಸುಮಾರು ಅರ್ಧ ಚಮಚ ಜೀರಿಗೆ ಸಾಕು. ಹೆಚ್ಚು ಹಾಕಿದರೆ, ಅಥವಾ ಹೆಚ್ಚು ಹೊತ್ತು ಕುದಿಸಿದರೆ, ಅದು ಕಷಾಯದ ಕಹಿಗೆ ತಿರುಗುತ್ತದೆ. ಜೀರಿಗೆಯನ್ನು ಮೊದಲು ಬರಿ ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಂಡರೆ ಪರಿಮಳ ಬೇರೆಯಾಗಿರುತ್ತದೆ.

ಲಾವಂಚವು ಹುಲ್ಲಿನ ಜಾತಿಯ ಸಸ್ಯ. ಅದರ ಬೇರನ್ನು ತೊಳೆದು ಸಣ್ಣ ಕಟ್ಟು ಮಾಡಿ ಹೂಜಿಯ ನೀರಿನಲ್ಲಿ ಮುಳುಗಿಸಿಡುತ್ತಾರೆ. ಮಲಯಾಳದಲ್ಲಿ ಇದಕ್ಕೆ 'ರಾಮಚ್ಚಂ' ಎಂದು ಹೆಸರು. ಕುದಿಸುವುದಕ್ಕಿಂತ ತಣ್ಣನೆಯ ನೀರಿನಲ್ಲಿ ರಾತ್ರಿಯಿಡೀ ನೆನೆಸುವುದು ಉತ್ತಮ. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಗೆ ಹತ್ತಿರವಾದ ಅದರ ಗಂಧ ಎಲ್ಲರಿಗೂ ಒಪ್ಪುವಂಥದ್ದಲ್ಲ. ಒಪ್ಪಿದವರು ಮಾತ್ರ ಬೇಸಗೆಯಲ್ಲಿ ಬೇರೆ ನೀರು ಕುಡಿಯಲೊಪ್ಪರು. ಎರಡು ಮೂರು ದಿನಗಳಿಗೊಮ್ಮೆ ಬೇರನ್ನು ಹೊರತೆಗೆದು ಬಿಸಿಲಿಗೆ ಒಣಗಿಸಬೇಕು, ಇಲ್ಲವಾದರೆ ಲೋಳೆಗಟ್ಟುತ್ತದೆ. ನೀರನ್ನು ಕುದಿಸಿ ಆರಿಸಿದ ಮೇಲೆಯೇ ಬೇರು ಹಾಕಬೇಕೆಂಬುದೂ ಮುಖ್ಯ; ಪರಿಮಳದ ವಸ್ತುಗಳು ನೀರಿನ ರೋಗಾಣುಗಳನ್ನು ಕೊಲ್ಲುವುದಿಲ್ಲ.

ಪತಂಗ ಅಥವಾ ಸಪ್ಪಂಗ ಮರದ ಚಕ್ಕೆ ಹಾಕಿದ ನೀರು ನಸುಗೆಂಪು ಬಣ್ಣಕ್ಕೆ ತಿರುಗುತ್ತದೆ. ಕೇರಳದ ಊಟದ ಮನೆಗಳಲ್ಲಿ ಕಾಣುವ ಬಣ್ಣದ ನೀರು ಇದು. ಅಲ್ಲಿ ಇದನ್ನು 'ಪತಿಮುಗಂ' ಎನ್ನುತ್ತಾರೆ. ಬಣ್ಣಕ್ಕೆ ಕಾರಣ ಆ ಮರದಲ್ಲಿರುವ ಬ್ರೆಜಿಲಿನ್ ಎಂಬ ಸಂಯುಕ್ತ. ಲಿಂಬೆರಸ ಹಿಂಡಿದರೆ ಕೆಂಪು ಅಳಿದು ಹಳದಿಯಾಗುವುದರಿಂದ ಶಾಲಾ ಮಕ್ಕಳಿಗೆ ಆಮ್ಲದ ಪರೀಕ್ಷೆಯನ್ನು ತೋರಿಸಲೂ ಇದು ಯೋಗ್ಯ. ರುಚಿ ಹೆಚ್ಚೇನೂ ಇಲ್ಲ, ತೆಳುವಾದ ಒಗರು ಮಾತ್ರ. ಬಣ್ಣವಿದ್ದರೆ ಕುಡಿಯುವ ಮಕ್ಕಳಿಗೆ ಇದು ಹೊಂದಿಕೆಯಾಗುತ್ತದೆ. ಪುದೀನ ಎಲೆ, ತುಳಸಿ, ಹೆಚ್ಚಿದ ಮುಳ್ಳುಸೌತೆ, ಲಿಂಬೆಯ ಬಿಲ್ಲೆ, ಜಜ್ಜಿದ ಶುಂಠಿ, ಮಜ್ಜಿಗೆಹುಲ್ಲಿನ ಗರಿ ಇವನ್ನೂ ಹೀಗೆಯೇ ಬಳಸಬಹುದು.

ಮಜ್ಜಿಗೆ ಮತ್ತು ತಂಬುಳಿ

ನೀರುಮಜ್ಜಿಗೆಯು ಈ ಪ್ರದೇಶದ ಪ್ರಮುಖ ಬೇಸಗೆ ಪಾನೀಯ. ತುಳುವಿನಲ್ಲಿ ಮಜ್ಜಿಗೆಗೆ 'ಅಳೆ' ಎಂದು ಹೆಸರು. ಮೊಸರನ್ನು ಕಡೆದು ಬೆಣ್ಣೆ ತೆಗೆದ ಬಳಿಕ ಉಳಿಯುವುದು ನಿಜವಾದ ಮಜ್ಜಿಗೆ. ಈಗ ಹೆಚ್ಚಾಗಿ ಮೊಸರಿಗೆ ಮೂರು ನಾಲ್ಕು ಪಾಲು ನೀರು ಸೇರಿಸಿ ಕಡೆದದ್ದನ್ನೇ ಮಜ್ಜಿಗೆ ಎನ್ನಲಾಗುತ್ತದೆ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಕೊಬ್ಬು ಅತ್ಯಲ್ಪ. ಹೆಪ್ಪುಗಟ್ಟುವಾಗ ಬ್ಯಾಕ್ಟೀರಿಯಗಳು ಹಾಲಿನ ಲ್ಯಾಕ್ಟೋಸ್ ಸಕ್ಕರೆಯ ಒಂದು ಭಾಗವನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುವುದರಿಂದ, ಹಾಲು ಜೀರ್ಣವಾಗದ ಅನೇಕರಿಗೆ ಮಜ್ಜಿಗೆ ಒಗ್ಗುತ್ತದೆ.

ಇಲ್ಲಿನ ನೀರುಮಜ್ಜಿಗೆಗೆ ಜಜ್ಜಿದ ಶುಂಠಿ, ಕರಿಬೇವು, ಇಂಗು, ಉಪ್ಪಿನೊಂದಿಗೆ ಒಂದೆರಡು ಗಾಂಧಾರಿ ಮೆಣಸನ್ನು ನುರಿದು ಹಾಕುತ್ತಾರೆ. ಗಾಂಧಾರಿಯು ಗಾತ್ರದಲ್ಲಿ ಚಿಕ್ಕದಾದರೂ ತುಂಬ ಖಾರ. ಮೆಣಸನ್ನು ಪೂರ್ತಿ ಅರೆಯದೆ ನುರಿದು, ಸ್ವಲ್ಪ ಹೊತ್ತಿನ ಬಳಿಕ ಸೋಸಿದರೆ ಖಾರಕ್ಕಿಂತ ಪರಿಮಳ ಹೆಚ್ಚು ಇಳಿಯುತ್ತದೆ. ಲಿಂಬೆಯ ಅಥವಾ ಕಂಚುಹುಳಿಯ ಎಳೆಯ ಎಲೆಯನ್ನು ಕೈಯಲ್ಲಿ ಹರಿದು ಹಾಕುವುದು ಇನ್ನೊಂದು ಕ್ರಮ. ಸಿಹಿ ಪಾನೀಯ ಬಿಡುತ್ತಿರುವವರಿಗೆ ಈ ಪರಿಮಳಗಳು ಬಹಳ ನೆರವಾಗುತ್ತವೆ, ಏಕೆಂದರೆ ನಾಲಗೆಗೆ ಗಮನ ಕೊಡಲು ಬೇರೇನೋ ಸಿಗುತ್ತದೆ. ಏಪ್ರಿಲ್‌ನಲ್ಲಿ ನಡೆಯುವ ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಜಾತ್ರೆ ಬರುವುದು ಸೆಖೆಯ ತುದಿಯಲ್ಲಿ. ಕರಾವಳಿಯ ಜಾತ್ರೆ, ಉತ್ಸವಗಳಲ್ಲಿ ದಾರಿಹೋಕರಿಗೆ ಮಜ್ಜಿಗೆ ಹಂಚುವುದು ಸೇವೆಯೆಂದೇ ಪರಿಗಣಿತ.

ತಂಬುಳಿಯು ಮಜ್ಜಿಗೆಯ ಇನ್ನೊಂದು ರೂಪ. 'ತಂಪು' ಮತ್ತು 'ಹುಳಿ' ಎಂಬ ಪದಗಳಿಂದ ಈ ಹೆಸರು ಬಂದಿದೆಯೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಎಲೆ, ಕುಡಿ, ಬೇರು ಅಥವಾ ಸಿಪ್ಪೆಯನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ, ಜೀರಿಗೆ, ಕಾಳುಮೆಣಸಿನೊಂದಿಗೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಡುತ್ತಾರೆ. ಊಟದ ಮೊದಲಿಗೆ ಅನ್ನಕ್ಕೆ ಕಲಸುವ ಪದಾರ್ಥವಾದರೂ ತೆಳ್ಳಗೆ ಮಾಡಿ ಲೋಟದಲ್ಲಿ ಕುಡಿಯುವುದೂ ಉಂಟು. ಒಂದೆಲಗ (ತುಳುವಿನಲ್ಲಿ ತಿಮರೆ), ದೊಡ್ಡಪತ್ರೆ, ದಾಳಿಂಬೆಯ ಸಿಪ್ಪೆ, ಶುಂಠಿ, ಮೆಂತೆ, ಹಿತ್ತಲಿನಲ್ಲಿ ಸಿಗುವ ಪೇರಳೆ, ನೇರಳೆ ಮೊದಲಾದವುಗಳ ಚಿಗುರು ಎಲ್ಲವೂ ತಂಬುಳಿಯಾಗುತ್ತವೆ. ಉತ್ತರ ಕನ್ನಡದ ಅಪ್ಪೆಹುಳಿ ಇದಕ್ಕೆ ಸಮೀಪದ ಸಂಬಂಧಿ. ಅದರಲ್ಲಿ ಮಜ್ಜಿಗೆಯಿಲ್ಲ, ಅಪ್ಪೆಮಾವಿನ ಕಾಯಿಯ ಹುಳಿಯಿದೆ. ಊಟದ ನಡುವೆ ಲೋಟಗಟ್ಟಲೆ ಕುಡಿಯುವ ಖಾರ-ಹುಳಿಯ ಈ ಪಾನೀಯ ನಿದ್ದೆ ತರುತ್ತದೆಂದು ಪ್ರತೀತಿ.

ಮಜ್ಜಿಗೆ, ಪುನರ್ಪುಳಿ ಮುಂತಾದ ಹುಳಿ ಪಾನೀಯಗಳನ್ನು ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ ಇಡಬಾರದು. ಆಮ್ಲವು ಲೋಹವನ್ನು ಕರಗಿಸುವುದರಿಂದ ವಾಂತಿ, ಹೊಟ್ಟೆನೋವು ಉಂಟಾಗಬಹುದು. ಮಣ್ಣು, ಗಾಜು, ಸ್ಟೀಲ್ ಪಾತ್ರೆಗಳು ಸೂಕ್ತ.

ಪುನರ್ಪುಳಿ

ಪುನರ್ಪುಳಿ (ಗಾರ್ಸೀನಿಯಾ ಇಂಡಿಕಾ) ಪಶ್ಚಿಮ ಘಟ್ಟದ ನಿತ್ಯಹಸುರಿನ ಮರ. ಮಲೆನಾಡು ಹಾಗೂ ಉತ್ತರ ಕನ್ನಡದಲ್ಲಿ ಮುರುಗಲು, ಕೊಂಕಣಿಯಲ್ಲಿ ಬಿರಿಂಡ, ಮರಾಠಿ ಮತ್ತು ಹಿಂದಿಯಲ್ಲಿ ಕೋಕಂ ಎಂದು ಕರೆಯಲಾಗುತ್ತದೆ. ಬೇಸಗೆಯಲ್ಲಿ, ಮಳೆ ಹಿಡಿಯುವ ಮುನ್ನ, ಹಣ್ಣಾಗುತ್ತದೆ. ಹಣ್ಣನ್ನು ಒಡೆದು ಬೀಜ ತೆಗೆದು, ಸಿಪ್ಪೆಯನ್ನು ಬಿಸಿಲಿನಲ್ಲಿ ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ವರ್ಷವಿಡೀ ಬಳಸಬಹುದು. ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬನ್ನು ಹಿಮ್ಮಡಿ ಒಡೆದಾಗ ಹಚ್ಚುತ್ತಾರೆ. ಕೆಂಪು ಬಣ್ಣವು ಆಂಥೋಸಯನಿನ್ ವರ್ಗದ ವರ್ಣದ್ರವ್ಯಗಳಿಂದ ಬಂದದ್ದು. ಹಣ್ಣಿನ ಹುಳಿಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಪಾಲು ದೊಡ್ಡದು. ಈ ಆಮ್ಲದಿಂದ ತೂಕ ಇಳಿಯುತ್ತದೆಂದು ಮಾತ್ರೆಗಳ ರೂಪದಲ್ಲಿ ಪ್ರಚಾರ ನಡೆಯುತ್ತದೆಯಾದರೂ ಮನೆಯ ಸಾರು ಕುಡಿದು ತೂಕ ಇಳಿಸಬಹುದೆಂದು ನಂಬಲು ಆಧಾರ ಸಾಲದು.

ಹೊರಗಿನವರಿಗೆ ಪುನರ್ಪುಳಿಯ ಪರಿಚಯವಾಗುವುದು ಬಹುತೇಕ ಶರಬತ್ತಿನ ಮೂಲಕ. ಶರಬತ್ತಿನ ತಯಾರಿಯಲ್ಲಿ ತಾಜಾ ಸಿಪ್ಪೆಯ ಮೇಲೆ ಸಕ್ಕರೆಯ ಪದರ ಹಾಕುತ್ತ ಗಾಜಿನ ಭರಣಿಯಲ್ಲಿ ತುಂಬಿ ಬಿಸಿಲಿಗಿಡುತ್ತಾರೆ. ಸಕ್ಕರೆ ಸಿಪ್ಪೆಯ ರಸವನ್ನು ಹೊರಗೆಳೆದು ಪಾಕವಾಗುತ್ತದೆ. ಇಲ್ಲಿ ಸಕ್ಕರೆಯ ಕೆಲಸ ರುಚಿ ಕೊಡುವುದಷ್ಟೇ ಅಲ್ಲ, ಪಾಕವನ್ನು ಕೆಡದಂತೆ ಕಾಯುವುದೂ ಹೌದು. ಆದ್ದರಿಂದಲೇ ಸಕ್ಕರೆ ಕಡಿಮೆ ಮಾಡಿದ ಶರಬತ್ತು ಬಾಳುವುದಿಲ್ಲ. ಸಿಹಿಯಿಲ್ಲದೆ ಕುಡಿಯಬೇಕಾದವರು ಒಣ ಸಿಪ್ಪೆಯನ್ನು ಆಶ್ರಯಿಸುವುದೇ ಸರಿಯಾದ ಕ್ರಮ.

ಒಂದು ಲೀಟರ್ ನೀರಿಗೆ ಎಂಟು ಹತ್ತು ಒಣ ಸಿಪ್ಪೆ ಹಾಕಿ ಮೂರು ನಾಲ್ಕು ಗಂಟೆ ನೆನೆಸಿದರೆ ದ್ರಾಕ್ಷಿ ಬಣ್ಣದ ಹುಳಿನೀರು ದೊರೆಯುತ್ತದೆ. ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ, ಸೀಳಿದ ಹಸಿಮೆಣಸು ಸೇರಿಸಿ ಹಾಗೆಯೇ ಕುಡಿಯಬಹುದು. ಸಾರು ಮಾಡುವುದಾದರೆ ಅದನ್ನು ಒಂದು ಕುದಿ ಕುದಿಸಿ, ತೆಂಗಿನೆಣ್ಣೆ ಅಥವಾ ತುಪ್ಪದಲ್ಲಿ ಸಾಸಿವೆ, ಒಣಮೆಣಸು, ಕರಿಬೇವು, ಬೇಕಾದವರು ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಡುತ್ತಾರೆ. ರೂಢಿಯ ಸಾರಿಗೆ ಬೆಲ್ಲದ ತುಂಡು ಬೀಳುತ್ತದೆ. ಬೆಲ್ಲ ಬಿಟ್ಟಾಗ ಸಿಪ್ಪೆಯನ್ನೂ ಕಡಿಮೆ ಮಾಡಬೇಕು, ಇಲ್ಲವಾದರೆ ಹುಳಿ ಹಲ್ಲು ಚುಳ್ಳೆನಿಸುತ್ತದೆ. ಒಣ ಸಿಪ್ಪೆಗೆ ಉಪ್ಪು ಸವರಿದ್ದರೆ ಮತ್ತೆ ಉಪ್ಪು ಬೇಡ. ಗೋವಾ ಮತ್ತು ಕೊಂಕಣದಲ್ಲಿ ಇದಕ್ಕೆ ತೆಂಗಿನಹಾಲು ಬೆರೆಸಿದ ಸೋಲ್ ಕಡಿ ಪ್ರಸಿದ್ಧ.

ಗಂಜಿಯ ತಿಳಿ ಮತ್ತು ಎಳನೀರು

ಕುಚ್ಚಲಕ್ಕಿ ಬೇಯಿಸಿದ ಗಂಜಿಯ ತಿಳಿಗೆ ಉಪ್ಪು ಹಾಕಿ, ಉಪ್ಪಿನಕಾಯಿ ಅಥವಾ ಚಟ್ನಿ ನೆಂಚಿಕೊಂಡು ಕುಡಿಯುವುದು ಕೃಷಿ ಕೆಲಸದವರ ಹಳೆಯ ರೂಢಿ. ತುಳುವಿನಲ್ಲಿ ಇದು 'ತೆಳಿ'. ಸಿಹಿಯಿಲ್ಲದಿದ್ದರೂ ಇದರಲ್ಲಿ ಪಿಷ್ಟವಿದೆ, ಮತ್ತು ಪಿಷ್ಟವು ದೇಹದಲ್ಲಿ ಗ್ಲೂಕೋಸ್ ಆಗುತ್ತದೆ. ಮಧುಮೇಹಿಗಳು ಇದನ್ನು ನೀರಿನ ಬದಲಾಗಿ ಅಲ್ಲ, ಆಹಾರದ ಭಾಗವಾಗಿ ಲೆಕ್ಕ ಹಾಕಬೇಕು. ಬಯಲುಸೀಮೆಯ ರಾಗಿ ಅಂಬಲಿಗೂ ಇದೇ ಮಾತು ಅನ್ವಯಿಸುತ್ತದೆ.

ಎಳನೀರಿಗೆ ತುಳುವಿನಲ್ಲಿಯೂ ಜಿಲ್ಲೆಯ ಕನ್ನಡದಲ್ಲಿಯೂ 'ಬೊಂಡ' ಎಂದು ಹೆಸರು. ಇದಕ್ಕೆ ಯಾರೂ ಸಕ್ಕರೆ ಹಾಕದಿದ್ದರೂ ಸಹಜ ಸಕ್ಕರೆಯಿದೆ: ಕಾಯಿಯ ಬಲಿತಕ್ಕೆ ಅನುಗುಣವಾಗಿ 100 ಮಿ.ಲೀ.ಗೆ ಸಾಮಾನ್ಯವಾಗಿ 2ರಿಂದ 5 ಗ್ರಾಂ. ತಂಪು ಪಾನೀಯದ ಅರ್ಧಕ್ಕಿಂತ ಕಡಿಮೆಯಾದರೂ ಶೂನ್ಯವಲ್ಲ. ಪೊಟ್ಯಾಸಿಯಂ ಹೇರಳವಾಗಿರುವುದು ಇದರ ಗುಣವೂ ಹೌದು, ದೋಷವೂ ಹೌದು.

ಕಷಾಯ, ಚಹಾ, ಸೋಡಾ

ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸುಗಳನ್ನು ಹುರಿದು ಪುಡಿ ಮಾಡಿ ಕುದಿಸುವ ಕಷಾಯ ಹಲವು ಮನೆಗಳಲ್ಲಿ ಕಾಫಿಯ ಸ್ಥಾನದಲ್ಲಿದೆ. ಹಾಲು-ಬೆಲ್ಲ ಹಾಕುವುದು ರೂಢಿ. ಬೆಲ್ಲ ಬಿಟ್ಟು ಹಾಲು ಮಾತ್ರ ಹಾಕಿದರೂ ಹುರಿದ ಕೊತ್ತಂಬರಿಯ ಪರಿಮಳದಿಂದಾಗಿ ಕುಡಿಯಲು ಹಿತವಾಗಿರುತ್ತದೆ. ಮಳೆಗಾಲದಲ್ಲಿ ನೀರು ಕುಡಿಯಲು ಮನಸ್ಸಾಗದವರಿಗೆ ಇದು ಯೋಗ್ಯ.

ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕುಡಿಯುವ ಹಾಲೆ ಮರದ (ತುಳುವಿನಲ್ಲಿ ಪಾಲೆ) ತೊಗಟೆಯ ರಸ ತುಳುನಾಡಿನ ಅತ್ಯಂತ ಕಹಿಯಾದ ಪಾನೀಯ. ಅದು ವರ್ಷಕ್ಕೊಮ್ಮೆ ಆಚರಣೆಯ ಅಂಗವಾಗಿ ಅಲ್ಪ ಪ್ರಮಾಣದಲ್ಲಿ ಸೇವಿಸುವಂಥದ್ದು, ದಿನಬಳಕೆಯದಲ್ಲ. ಕತ್ತಲಲ್ಲಿ ತೊಗಟೆ ತರುವ ಪದ್ಧತಿಯಿರುವುದರಿಂದ ವಿಷಯುಕ್ತವಾದ ಕಾಸರಕದ ಮರವನ್ನು ಹಾಲೆಯೆಂದು ತಪ್ಪಾಗಿ ಭಾವಿಸುವ ಅಪಾಯವಿದೆ. ಕಾಸರಕದಲ್ಲಿರುವ ಸ್ಟ್ರಿಕ್ನಿನ್ ಪ್ರಾಣಾಂತಕ. ಮರವನ್ನು ಹಗಲಿನಲ್ಲಿಯೇ, ಬಲ್ಲವರಿಂದ ಗುರುತಿಸಿಡುವುದು ಅಗತ್ಯ.

ಹಾಲು ಹಾಕದ ಚಹಾವನ್ನು ಗಡಿನಾಡಿನಲ್ಲಿ 'ಕಟ್ಟನ್ ಚಾಯ' ಎಂದು ಕೇಳಿ ಪಡೆಯಬಹುದು; ಸಕ್ಕರೆ ಬೇಡವೆಂದು ಬೇರೆಯಾಗಿ ಹೇಳಬೇಕು. ಬೇಕಾದವರು ಅದಕ್ಕೆ ಲಿಂಬೆ ಹಿಂಡಿಕೊಳ್ಳಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯು ಕೆಫೀನ್ ಸೇವನೆ ದಿನಕ್ಕೆ 300 ಮಿ.ಗ್ರಾಂ ಮೀರಬಾರದೆಂದೂ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಅನಂತರ ಚಹಾ-ಕಾಫಿ ಬೇಡವೆಂದೂ ಸಲಹೆ ನೀಡಿದೆ. ಟ್ಯಾನಿನ್ ಆಹಾರದ ಕಬ್ಬಿಣಾಂಶ ಹೀರಲ್ಪಡುವುದನ್ನು ತಡೆಯುವುದೇ ಇದಕ್ಕೆ ಕಾರಣ. ಕೊಳವೆಬಾವಿಯ ನೀರಿನಲ್ಲಿ ಚಹಾವನ್ನು ಕಪ್ಪಾಗಿಸುವ ಕ್ರಿಯೆಯೇ ಇಲ್ಲಿ ಹೊಟ್ಟೆಯೊಳಗೆ ನಡೆಯುತ್ತದೆ.

ಗುಳುಗುಳು ನೊರೆಗಾಗಿಯೇ ಬಾಟಲಿ ಪಾನೀಯ ಬಯಸುವವರಿಗೆ ಉಪ್ಪು ಹಾಕಿದ ಲಿಂಬೆ ಸೋಡಾ ಒಂದು ಪರ್ಯಾಯ. ಅಂಗಡಿಯಲ್ಲಿ ಹೇಳದಿದ್ದರೆ ಸಕ್ಕರೆ ಪಾಕ ಬೀಳುವುದು ಖಚಿತ. ಗೋಲಿ ಸೋಡಾದ ಬಾಟಲಿಯನ್ನು ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ರೂಪಿಸಿದನು. ಗೋಲಿಯನ್ನು ಒಳಗಿನ ಅನಿಲದ ಒತ್ತಡವೇ ಬಾಯಿಗೆ ಒತ್ತಿ ಹಿಡಿಯುತ್ತದೆ.

ಎಚ್ಚರಿಕೆಗಳು

ಬಿಂಬುಳಿಯ ರಸವು ಇವುಗಳಲ್ಲಿ ಮೊದಲು ಹೇಳಬೇಕಾದದ್ದು. ಕರಾವಳಿಯ ಹಿತ್ತಲುಗಳಲ್ಲಿ ಸಾಮಾನ್ಯವಾದ ಬಿಂಬುಳಿಯನ್ನು ಉಪ್ಪಿನಕಾಯಿ, ಸಾರಿಗೆ ಹುಳಿಯಾಗಿ ಬಳಸುವುದರಲ್ಲಿ ಆರೋಗ್ಯವಂತರಿಗೆ ತೊಂದರೆಯಿಲ್ಲ. ಆದರೆ ಕೊಲೆಸ್ಟರಾಲ್ ಇಳಿಯುತ್ತದೆಂಬ ನಂಬಿಕೆಯಿಂದ ಅದರ ಸಾಂದ್ರ ರಸವನ್ನು ಕುಡಿದವರಿಗೆ ಮೂತ್ರಪಿಂಡಗಳು ಹಠಾತ್ತನೆ ವಿಫಲವಾದ ಪ್ರಕರಣಗಳು ಕೇರಳದಿಂದ ವೈದ್ಯಕೀಯ ನಿಯತಕಾಲಿಕೆಯಲ್ಲಿ ವರದಿಯಾಗಿವೆ. ರಸದಲ್ಲಿರುವ ಅಧಿಕ ಆಕ್ಸಲೇಟ್ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಹರಳುಗಟ್ಟುವುದು ಇದಕ್ಕೆ ಕಾರಣ. ಅದೇ ಕುಲಕ್ಕೆ ಸೇರಿದ ಧಾರೆಹುಳಿ (ನಕ್ಷತ್ರದಾಕಾರದ ಹೋಳಿನ ಹಣ್ಣು) ಮೂತ್ರಪಿಂಡದ ಕಾಯಿಲೆಯಿರುವವರಿಗೆ ಸ್ವಲ್ಪವೇ ಆದರೂ ಅಪಾಯಕಾರಿ. ಅದು ನರಮಂಡಲಕ್ಕೂ ವಿಷವಾಗುತ್ತದೆ.

ಮೂತ್ರಪಿಂಡ ದುರ್ಬಲವಾದವರಿಗೆ ಎಳನೀರೂ ಸಲ್ಲದು, ಏಕೆಂದರೆ ಹೊರಹೋಗದೆ ಉಳಿದ ಪೊಟ್ಯಾಸಿಯಂ ಹೃದಯದ ಬಡಿತವನ್ನು ಕೆಡಿಸಬಹುದು. ಅಂಥವರಿಗೆ ದ್ರವದ ಒಟ್ಟು ಪ್ರಮಾಣಕ್ಕೂ ವೈದ್ಯರು ಮಿತಿ ಹಾಕಿರಬಹುದು, ಹೃದ್ರೋಗಿಗಳಲ್ಲಿಯೂ ಹೀಗೆಯೇ. ಇದಕ್ಕೆ ವ್ಯತಿರಿಕ್ತವಾಗಿ ಮೂತ್ರಪಿಂಡದ ಕಲ್ಲು ಮರುಕಳಿಸುವವರು ದಿನಕ್ಕೆ ಕನಿಷ್ಠ ಎರಡೂವರೆ ಲೀಟರ್ ಮೂತ್ರವಾಗುವಷ್ಟು ದ್ರವ ಸೇವಿಸಬೇಕೆಂಬುದು ಒಪ್ಪಿತ ಸಲಹೆ. ಬಾಳೆದಿಂಡಿನ ರಸ ಕಲ್ಲನ್ನು ಕರಗಿಸುತ್ತದೆಂಬ ನಂಬಿಕೆ ಜನಜನಿತ. ಆದರೆ ಅದನ್ನು ನಂಬಿ ನೀರಿನ ಪ್ರಮಾಣವನ್ನು ಕಡೆಗಣಿಸಬಾರದು.

ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಒಂದು ಚಹಾ ಚಮಚ. ದಿನಕ್ಕೆ ನಾಲ್ಕೈದು ಲೋಟ ಉಪ್ಪು ಮಜ್ಜಿಗೆ ಕುಡಿಯುವ ಅಧಿಕ ರಕ್ತದೊತ್ತಡದವರು ಆ ಮಿತಿಯ ದೊಡ್ಡ ಪಾಲನ್ನು ಪಾನೀಯದಲ್ಲಿಯೇ ಮುಗಿಸಿಬಿಡಬಹುದು. ಶುಂಠಿ, ಕರಿಬೇವು, ಗಾಂಧಾರಿ ಹೆಚ್ಚಿಸಿ ಉಪ್ಪನ್ನು ಅರ್ಧಕ್ಕಿಳಿಸಿದರೆ ರುಚಿಗೆ ಕೊರತೆಯಾಗದು. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವವರ ಲೆಕ್ಕ ಬೇರೆ. ಮೆಂತೆ ನೆನೆಸಿದ ನೀರು ರಕ್ತದ ಸಕ್ಕರೆಯನ್ನು ಸ್ವಲ್ಪ ಇಳಿಸಬಲ್ಲದಾದ್ದರಿಂದ ಮಧುಮೇಹದ ಔಷಧ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸಿ ಕುಡಿಯಬೇಕು. ಹುಳಿ ಪಾನೀಯವನ್ನು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರುತ್ತಿದ್ದರೆ ಹಲ್ಲಿನ ಎನಾಮೆಲ್ ಸವೆಯುತ್ತದೆ. ಕುಡಿದ ಮೇಲೆ ಬಾಯಿ ಮುಕ್ಕಳಿಸಬೇಕು, ಕೂಡಲೇ ಹಲ್ಲುಜ್ಜಬಾರದು.

ವಾಂತಿ-ಭೇದಿಯ ಸಂದರ್ಭದಲ್ಲಿ ಸಿಹಿರಹಿತ ಎಂಬ ನಿಯಮವನ್ನು ಬದಿಗಿಡಬೇಕು. ಕರುಳು ಸೋಡಿಯಂ ಅನ್ನು ಹೀರಿಕೊಳ್ಳಲು ಗ್ಲೂಕೋಸ್ ನೆರವಾಗುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಜೀವಜಲ (ಓಆರ್‌ಎಸ್) ಸೂತ್ರದಲ್ಲಿ ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್ ಇದೆ. ಪೊಟ್ಟಣ ಸಿಗುವವರೆಗೆ ಉಪ್ಪು ಹಾಕಿದ ಗಂಜಿ ಉಪಯುಕ್ತ. ಆರು ತಿಂಗಳೊಳಗಿನ ಶಿಶುವಿಗೆ ಎದೆಹಾಲಿನ ಹೊರತು ಇಲ್ಲಿ ಹೇಳಿದ ಯಾವುದೂ ಬೇಡ, ನೀರು ಕೂಡ.

ಸಿಹಿಯಿಂದ ಹೊರಳುವ ಕ್ರಮ ಮತ್ತು ಮಾರುಕಟ್ಟೆ

ನಾಲಗೆಯ ಸಿಹಿಯ ನಿರೀಕ್ಷೆ ಸ್ಥಿರವಾದುದಲ್ಲ. ಸಕ್ಕರೆಯನ್ನು ಒಮ್ಮೆಲೇ ಬಿಡಲಾಗದವರು ವಾರಕ್ಕಿಷ್ಟು ಎಂದು ಕಡಿಮೆ ಮಾಡುತ್ತ ಬಂದರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಹಿಂದಿನ ಪ್ರಮಾಣವೇ ಅತಿಯೆನಿಸತೊಡಗುತ್ತದೆ. ಕೃತಕ ಸಿಹಿಕಾರಕಗಳಿಗೆ ಬದಲಾಯಿಸಿದರೆ ಈ ಹೊಂದಾಣಿಕೆ ನಡೆಯದು. ತೂಕ ನಿಯಂತ್ರಣಕ್ಕಾಗಿ ಅವುಗಳನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ, ಆದರೆ ಈಗಾಗಲೇ ಮಧುಮೇಹವಿರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ.

ಪೊಟ್ಟಣದ ಪಾನೀಯಗಳಲ್ಲಿ ನಂದಿನಿ ಮೊದಲಾದ ಹೆಸರುಗಳಲ್ಲಿ ಸಿಗುವ ಮಸಾಲೆ ಮಜ್ಜಿಗೆ ಸಿಹಿರಹಿತವಾದದ್ದು. ಉಪ್ಪಿನ ಪ್ರಮಾಣವನ್ನು ಮಾತ್ರ ನೋಡಿಕೊಳ್ಳಬೇಕು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಗಳಂತೆ 100 ಮಿ.ಲೀ.ನಲ್ಲಿ 0.5 ಗ್ರಾಂಗಿಂತ ಹೆಚ್ಚು ಸಕ್ಕರೆ ಇಲ್ಲದ ಪಾನೀಯವನ್ನು ಮಾತ್ರ 'ಸಕ್ಕರೆಮುಕ್ತ' ಎನ್ನಬಹುದು, 2.5 ಗ್ರಾಂವರೆಗೆ ಇದ್ದರೆ 'ಕಡಿಮೆ ಸಕ್ಕರೆ' ಎನ್ನಬಹುದು. 'ಸಕ್ಕರೆ ಸೇರಿಸಿಲ್ಲ' ಎಂಬುದು ಇವೆರಡಕ್ಕಿಂತ ಬೇರೆ. ಅಂತಹ ಹಣ್ಣಿನ ರಸದಲ್ಲಿ ಹಣ್ಣಿನದೇ ಸಕ್ಕರೆ ತುಂಬಿರಬಹುದು. ಒಣ ಪುನರ್ಪುಳಿ ಸಿಪ್ಪೆ ದಿನಸಿ ಅಂಗಡಿಗಳಲ್ಲಿ, ಲಾವಂಚದ ಬೇರು ಗಿಡಮೂಲಿಕೆ ಅಂಗಡಿಗಳಲ್ಲಿ ದೊರೆಯುತ್ತವೆ. ಸಿಪ್ಪೆ ಕೊಳ್ಳುವಾಗ ಕಡುನೇರಳೆ ಬಣ್ಣದ, ಬಾಗಿಸಿದರೆ ಮುರಿಯದೆ ಮಣಿಯುವಂಥದ್ದನ್ನು ಆರಿಸಬೇಕು; ಬಿಳಿ ಬೂಷ್ಟು ಕಂಡುಬಂದರೆ ಅದು ಮೇಲೆ ಸವರಿದ ಉಪ್ಪೋ ಎಂದು ಪರೀಕ್ಷಿಸಿ, ಅಲ್ಲವಾದರೆ ಬಿಡಬೇಕು.